‘ಪೂರ್ತಿ ಬಿಟ್ಟು ಬಾ’ ಎಂದರಷ್ಟೇ ಚಿಕಿತ್ಸೆಯೇ?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದ ತೊಂದರೆಯಿಂದ ಹೊರಬರಲು ನೆರವು ಬೇಕಾಗಿದೆ. ಆದರೆ ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ಎಲ್ಲಿ ಹೋದರು?

ವೈದ್ಯರ ಕೊರತೆ, ಖರ್ಚು, ನಾಚಿಕೆ ಎಲ್ಲವೂ ಕಾರಣಗಳೇ. ಇವುಗಳ ಜೊತೆಗೆ ಇನ್ನೊಂದಿದೆ. ವ್ಯಸನಮುಕ್ತಿ ಎಂದರೆ ನಮ್ಮ ಮನಸ್ಸಿಗೆ ಬರುವುದು ಶಿಬಿರ, ಪ್ರಮಾಣ, ಅಂದಿನಿಂದ ಒಂದು ತೊಟ್ಟೂ ಇಲ್ಲ ಎಂಬ ಸಂಕಲ್ಪ. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಬದುಕು ಕಟ್ಟಿಕೊಂಡ ಕುಟುಂಬಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಆ ದಾರಿ ಬೇಡ ಎನ್ನುವಂತಿಲ್ಲ. ಅದೊಂದೇ ದಾರಿ ಎನ್ನುವುದು ಮಾತ್ರ ಸರಿಯಲ್ಲ.

ಹೈದರಾಬಾದಿನಲ್ಲಿ ನನ್ನ ಜೊತೆ ಒಂದೇ ಫ್ಲ್ಯಾಟಿನಲ್ಲಿದ್ದ ರಾಣೆಬೆನ್ನೂರು ಕಡೆಯ ಗೆಳೆಯನೊಬ್ಬ ದಿನವೂ ಕುಡಿಯುತ್ತಿದ್ದ. ಒಂದು ಕೇಂದ್ರಕ್ಕೆ ಸೇರಿದ ಮೇಲೆ ಅದು ವಾರಕ್ಕೆ ಒಂದೆರಡು ದಿನಕ್ಕೆ ಇಳಿಯಿತು. ಆಫೀಸಿಗೆ ಸರಿಯಾಗಿ ಹೋಗತೊಡಗಿದ, ಲಿವರ್ ಪರೀಕ್ಷೆಯ ಅಂಕಿಗಳೂ ಸುಧಾರಿಸಿದವು. ಒಮ್ಮೆ ಕುಡಿದದ್ದನ್ನು ಅವನೇ ಹೇಳಿಕೊಂಡಾಗ ಆ ಕೇಂದ್ರದವರು, ‘ಪೂರ್ತಿ ಬಿಟ್ಟ ಮೇಲೆ ಬನ್ನಿ’ ಎಂದು ಕಳಿಸಿಬಿಟ್ಟರು. ಅವರ ಲೆಕ್ಕದಲ್ಲಿ ಅವನು ಸೋತವ. ಅವನು ಮತ್ತೆ ಯಾವ ಡಾಕ್ಟರ ಬಳಿಗೂ ಹೋಗಲಿಲ್ಲ. ತಿಂಗಳಿಗೆ 20 ಸಲ ಕೆಡುತ್ತಿದ್ದ ಸಿಸ್ಟಮ್ 5 ಸಲಕ್ಕೆ ಇಳಿದರೆ ನಮ್ಮ ವೃತ್ತಿಯಲ್ಲಿ ಯಾರೂ ಅದನ್ನು ಸೋಲು ಎನ್ನುವುದಿಲ್ಲ. ಕೆಲಸ ಇನ್ನೂ ಬಾಕಿ ಇದೆ ಎನ್ನುತ್ತಾರೆ.

‘ಹಾರ್ಮ್ ರಿಡಕ್ಷನ್’, ಅಂದರೆ ಹಾನಿ ತಗ್ಗಿಸುವ ವಿಧಾನ ಹೇಳುವುದೂ ಇದನ್ನೇ. ಪೂರ್ತಿ ಬಿಡಲು ಇಂದು ಸಿದ್ಧರಿಲ್ಲದವರಿಗೂ ಚಿಕಿತ್ಸೆಯ ಬಾಗಿಲು ತೆರೆದಿರಬೇಕು. ಕುಡಿಯುವ ದಿನ ಮತ್ತು ಪ್ರಮಾಣ ಕಡಿಮೆಯಾಗಬೇಕು, ಕುಡಿದು ಗಾಡಿ ಓಡಿಸುವುದು ನಿಲ್ಲಬೇಕು, ಮಿದುಳಿಗೆ ಪೆಟ್ಟಾಗದಂತೆ ಥಯಾಮಿನ್ ಕೊಡಬೇಕು. ಕುಡಿತದಿಂದ ಸಿಗುವ ಖುಷಿಯನ್ನೇ ಮಂಕಾಗಿಸುವ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅದನ್ನು ಮದ್ಯವ್ಯಸನಕ್ಕೆ ಬೇಕಾದ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಈ ತತ್ವ ಭಾರತಕ್ಕೆ ಹೊಸದೂ ಅಲ್ಲ. ಸೂಜಿಯಲ್ಲಿ ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊ ಬದಲಿ ಔಷಧ ಕೊಡುತ್ತ ಬಂದಿದೆ.

‘ಇಂದೇ ಬಿಡು’ ಎನ್ನುವ ಹಟ ಕೆಲವೊಮ್ಮೆ ಪ್ರಾಣಕ್ಕೇ ಕುತ್ತು. ತೀವ್ರ ವ್ಯಸನಿ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿ ಮುಚ್ಚಿದಾಗ ಇದು ಕಣ್ಣಿಗೆ ಕಂಡಿತು. ಬೆಂಗಳೂರಿನ ಕೆಲವು ಆಸ್ಪತ್ರೆಗಳ ದಾಖಲೆ ಪರಿಶೀಲಿಸಿದ ನಿಮ್ಹಾನ್ಸ್ ವೈದ್ಯರು, ಇಂಥ ಗಂಭೀರ ಪ್ರಕರಣಗಳು ದಿನಕ್ಕೆ ಸರಾಸರಿ 4ರಿಂದ 8ಕ್ಕೆ ಏರಿದ್ದನ್ನು ಗುರುತಿಸಿದರು. ಹೈದರಾಬಾದಿನಲ್ಲಿ ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮುಂದೆ ಮದ್ಯ, ಕಳ್ಳು ಸಿಗದೆ ಒದ್ದಾಡುತ್ತಿದ್ದವರು ಸಾಲುಗಟ್ಟಿದ್ದರು.

ದಾರಿ ಏನೆಂಬುದಕ್ಕೆ ಪಕ್ಕದ ಗೋವಾದಲ್ಲೇ ಒಂದು ಉತ್ತರವಿದೆ. ‘ಸಂಗತ್’ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ ಗಂಡಸರಲ್ಲಿ ಅತಿಯಾಗಿ ಕುಡಿಯುವವರನ್ನು ಗುರುತಿಸಿತು. 377 ಮಂದಿಯಲ್ಲಿ ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಹೆಚ್ಚೆಂದರೆ ನಾಲ್ಕು ಬಾರಿ ಆಪ್ತಸಮಾಲೋಚನೆ ನಡೆಸಿದರು. ಮೂರು ತಿಂಗಳಲ್ಲಿ ಆ ಗುಂಪಿನ ಶೇ 36ರಷ್ಟು ಮಂದಿ ಅಪಾಯದ ಮಟ್ಟದಿಂದ ಹೊರಬಂದರು. ಉಳಿದವರಲ್ಲಿ ಆ ಪ್ರಮಾಣ ಶೇ 26. ದೊಡ್ಡ ಪವಾಡವೇನಲ್ಲ. ಆದರೆ ಇದಕ್ಕೆ ಹೊಸ ಆಸ್ಪತ್ರೆ ಬೇಕಿಲ್ಲ, ಮನೋವೈದ್ಯರಿಗಾಗಿ ಕಾಯಬೇಕಿಲ್ಲ.

ಮಿತಿಗಳೂ ಇವೆ. ಲಿವರ್ ಸಿರೋಸಿಸ್ ಆದವರಿಗೆ, ಗರ್ಭಿಣಿಯರಿಗೆ ಪೂರ್ತಿ ಬಿಡುವುದೇ ಚಿಕಿತ್ಸೆ. ತೀವ್ರ ವ್ಯಸನಿಗಳಲ್ಲಿ ಬಹುತೇಕರಿಗೂ ಕೊನೆಯ ಗುರಿ ಅದೇ. ಮದ್ಯದ ಕಂಪನಿಗಳ ‘ಹಿತಮಿತವಾಗಿ ಕುಡಿಯಿರಿ’ ಎಂಬ ಜಾಹೀರಾತಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಹಾನಿ ಎಂದರೆ ಕುಡಿಯುವವನ ಲಿವರ್ ಮಾತ್ರವೂ ಅಲ್ಲ. ಹೆಂಡತಿಯ ಮೇಲೆ ಕೈ ಮಾಡುವುದು ನಿಂತಿತೇ, ಮಕ್ಕಳ ಫೀಸು ಕಟ್ಟಲು ದುಡ್ಡು ಉಳಿಯಿತೇ ಎಂಬುದೂ ಈ ಲೆಕ್ಕಕ್ಕೆ ಬರಬೇಕು.

ಹೊರನಾಡಿನಲ್ಲಿ ದುಡಿಯುವ ನಮಗೆ ಇಲ್ಲಿ ಎರಡು ನೇರ ವಿಷಯಗಳಿವೆ. ಒಂದು, ವಿಮೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯ ವ್ಯಾಖ್ಯೆಗೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳೂ ಸೇರಿವೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಎನ್ನುತ್ತದೆ ಅದೇ ಕಾಯ್ದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿ ಮದ್ಯವ್ಯಸನದ ಚಿಕಿತ್ಸೆಯನ್ನು ಪಾಲಿಸಿಯಿಂದ ಹೊರಗಿಡಲು ಅವಕಾಶ ಕೊಟ್ಟಿದೆ. ನಿಮ್ಮ ಕಂಪನಿಯ ಪಾಲಿಸಿಯಲ್ಲಿ ಏನಿದೆ ಎಂದು ಒಮ್ಮೆ ನೋಡಿ, ಎಚ್‌ಆರ್ ವಿಭಾಗವನ್ನು ಕೇಳಿ. ಎರಡು, ಭಾಷೆ. ಕುಡಿತದ ಕಥೆಯನ್ನು ಪರಭಾಷೆಯಲ್ಲಿ ಬಿಚ್ಚಿಡುವುದು ಕಷ್ಟ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವೂ ಇದೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಸರ್ಕಾರಗಳು ಎಷ್ಟು ಶಿಬಿರ ನಡೆಸಿದೆವು, ಎಷ್ಟು ಜನ ಪ್ರಮಾಣ ಮಾಡಿದರು ಎಂದು ಎಣಿಸುತ್ತವೆ. ಎಡವಿದವರಲ್ಲಿ ಎಷ್ಟು ಜನ ಮತ್ತೆ ಚಿಕಿತ್ಸೆಗೆ ಬಂದರು ಎಂದು ಎಣಿಸತೊಡಗಿದರೆ, ಆ 37 ಮಂದಿಯಲ್ಲಿ ಕೆಲವರಾದರೂ ಲೆಕ್ಕಕ್ಕೆ ಸಿಕ್ಕಾರು.