ಯಾವ ದ್ವೀಪ? ಯಾರ ನೀರು?

2024ರ ಜನವರಿಯಲ್ಲಿ ಪ್ರಧಾನಮಂತ್ರಿಯವರು ಲಕ್ಷದ್ವೀಪದ ಕಡಲತೀರದಲ್ಲಿ ತೆಗೆಸಿಕೊಂಡ ಚಿತ್ರಗಳು ಪ್ರಕಟವಾದ ಕೆಲವೇ ದಿನಗಳಲ್ಲಿ ದೇಶಕ್ಕೆ ಹೊಸದೊಂದು ಜಗಳ ಒದಗಿತು. ಮಾಲ್ಡೀವ್ಸಿನ ಮೂವರು ಉಪಸಚಿವರು ಆಡಿದ ಹಗುರ ಮಾತಿಗೆ ಪ್ರತಿಯಾಗಿ, ರಜೆಗೆ ಮಾಲ್ಡೀವ್ಸಿಗೆ ಹೋಗುವುದು ದೇಶದ್ರೋಹವೆಂಬಂತೆಯೂ ಲಕ್ಷದ್ವೀಪಕ್ಕೆ ಹೋಗುವುದು ದೇಶಸೇವೆಯೆಂಬಂತೆಯೂ ಬಿಂಬಿಸಲಾಯಿತು. ಉಪಸಚಿವರು ಅಮಾನತುಗೊಂಡರು, ಜಗಳ ತಣ್ಣಗಾಯಿತು. ‘ಯಾವ ದ್ವೀಪಕ್ಕೆ ಹೋಗೋಣ’ ಎಂಬ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಇಂದು ಸಣ್ಣ ಪಟ್ಟಣಗಳ ಪ್ರವಾಸ ಏಜೆನ್ಸಿಗಳಲ್ಲಿಯೂ ಅಂಡಮಾನ್, ಮಾಲ್ಡೀವ್ಸ್, ಬಾಲಿಗಳ ದರಪಟ್ಟಿ ದೊರೆಯುತ್ತದೆ.

ದರಪಟ್ಟಿಯಲ್ಲಿ ಇಲ್ಲದಿರುವುದು ನೀರಿನ ಲೆಕ್ಕ. ಲಕ್ಷದ್ವೀಪವೆಂದರೆ 36 ದ್ವೀಪಗಳು. ಎಲ್ಲವನ್ನೂ ಕೂಡಿಸಿದರೂ ಸುಮಾರು 32 ಚದರ ಕಿಲೋಮೀಟರ್ ನೆಲ. ಜನವಸತಿಯಿರುವುದು ಹತ್ತರಲ್ಲಿ ಮಾತ್ರ. 2011ರ ಜನಗಣತಿಯಂತೆ 64 ಸಾವಿರ ಜನ. ಅಲ್ಲಿ ನದಿಯಿಲ್ಲ, ಹಳ್ಳವಿಲ್ಲ. ಮಳೆಯ ನೀರು ಹವಳದ ಮರಳಿನೊಳಗೆ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತದೆ. ಬಾವಿಗಳಿಗೆ ಬರುವುದು ಈ ಪದರದ ನೀರೇ. ಅಳತೆ ಮೀರಿ ಸೇದಿದರೆ ಉಪ್ಪು ಮೇಲೇರುತ್ತದೆ. ಶೌಚದ ಹೊಲಸು ಅದೇ ಮರಳಿನಲ್ಲಿ ಇಳಿದು ಅದೇ ಬಾವಿಗೆ ಸೇರುತ್ತದೆ. ಬೇಸಿಗೆಯಲ್ಲಿ ಕೊಡಕ್ಕಾಗಿ ಸರದಿ ನಿಂತು ಬಲ್ಲ ಕುಂಚಾವರಂ ಸುತ್ತಿನ ತಾಂಡಾಗಳ ತಾಯಂದಿರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ವಿವರಿಸಬೇಕಾದದ್ದು ಈಜುಕೊಳ ಬಯಸುವ ಪ್ರವಾಸಿಗೆ.

ಮಿನಿಕಾಯ್ ಮುಂತಾದ ದ್ವೀಪಗಳ ಮೀನುಗಾರರು ಟ್ಯೂನಾ ಮೀನನ್ನು ಬಲೆಯಿಂದಲ್ಲ, ಕೋಲು-ಗಾಳದಿಂದ ಒಂದೊಂದಾಗಿ ಹಿಡಿಯುತ್ತಾರೆ. ಅದಕ್ಕೆ ಜೀವಂತ ಎರೆಮೀನು ಬೇಕು. ಎರೆಮೀನು ದೊರೆಯುವುದು ಹವಳದ ದಿಬ್ಬ ಮತ್ತು ಅದರೊಳಗಿನ ತಿಳಿನೀರಿನಲ್ಲಿ. ಕಡಲು ಬಿಸಿಯಾಗಿ 1998, 2010, 2016 ಹಾಗೂ 2024ರಲ್ಲಿ ಈ ಹವಳಗಳು ಬಿಳಿಚಿಕೊಂಡಿವೆ. ಬೆಂದ ಹವಳದ ಮೇಲೆ ಇನ್ನಷ್ಟು ದೋಣಿ, ಲಂಗರು, ಹೊಲಸು, ಕಾಂಕ್ರೀಟು ಹೇರಿದರೆ ಎರೆಮೀನು ಹೋಗುತ್ತದೆ; ಅದರ ಹಿಂದೆ ಟ್ಯೂನಾ, ಅದರ ಹಿಂದೆ ಮೀನುಗಾರನ ಅನ್ನ.

‘ಪ್ರವಾಸಿಗರು ಬಾರದಿದ್ದರೆ ದ್ವೀಪದವರು ಉಣ್ಣುವುದೇನು’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅಸಡ್ಡೆಯದಲ್ಲ, ಮಾಲ್ಡೀವ್ಸ್ ಬದುಕಿರುವುದೇ ಬಹುಮಟ್ಟಿಗೆ ಪ್ರವಾಸೋದ್ಯಮದಿಂದ. ಆದರೆ ಉತ್ತರ ಹೇಳಬೇಕಾದವರು ದ್ವೀಪದವರೇ. 2021ರಲ್ಲಿ ಅಭಿವೃದ್ಧಿಯ ಹೆಸರಿನಲ್ಲಿ ಭೂಮಿಯನ್ನು ವಶಪಡಿಸಿಕೊಳ್ಳಲು ಆಡಳಿತಕ್ಕೆ ಅಧಿಕಾರ ನೀಡುವ ಕರಡು ನಿಯಮಾವಳಿ ಬಂದಾಗ ಅವರು ಹನ್ನೆರಡು ಗಂಟೆಗಳ ಉಪವಾಸ ಕುಳಿತರು. ಅತಿಥಿ ಬೇಡವೆಂದು ಅವರು ಹೇಳಲಿಲ್ಲ. ಮನೆಯನ್ನೇ ಅತಿಥಿಗೆ ಬರೆದುಕೊಡಲಾರೆವೆಂದರು.

ಇನ್ನು ಗ್ರೇಟ್ ನಿಕೋಬಾರ್. ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಪ್ರವಾಸೋದ್ಯಮವನ್ನೂ ಒಳಗೊಂಡ ಹೊಸ ಪಟ್ಟಣಕ್ಕಾಗಿ ಅಲ್ಲಿ 130.75 ಚದರ ಕಿಲೋಮೀಟರ್ ಅರಣ್ಯವನ್ನು ಪರಿವರ್ತಿಸಲು 2022ರಲ್ಲಿ ಮೊದಲ ಹಂತದ ಅನುಮತಿ ದೊರೆಯಿತು. ಈ ಅಂಕಿಯನ್ನು ಚಿಂಚೋಳಿ ತಾಲೂಕಿನ ವಿದ್ಯಾರ್ಥಿಗಳು ಎರಡು ಬಾರಿ ಓದಬೇಕು. 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮದ ವಿಸ್ತೀರ್ಣ 134.88 ಚದರ ಕಿಲೋಮೀಟರ್. ಅಂದರೆ ಕುಂಚಾವರಂ ಗುಡ್ಡ, ಚಂದ್ರಂಪಳ್ಳಿಯ ಕೆರೆಯಂಚು, ತೋಳ, ಕತ್ತೆಕಿರುಬಗಳ ಅಡಗುತಾಣ, ಇವೆಲ್ಲವನ್ನೂ ಬಹುತೇಕ ಅಳಿಸಿದಷ್ಟು ಕಾಡು. ಸರ್ಕಾರವೇ 2023ರಲ್ಲಿ ಸಂಸತ್ತಿಗೆ ಕೊಟ್ಟ ಅಂದಾಜಿನಂತೆ ಬೀಳಬಹುದಾದ ಮರಗಳು 9.64 ಲಕ್ಷ. ಪರಿಹಾರದ ಅರಣ್ಯೀಕರಣ ಮಾತ್ರ ದೂರದ ಹರಿಯಾಣದಲ್ಲಂತೆ! ಕಡಲಾಮೆಗಳು ಮೊಟ್ಟೆಯಿಡುವ ಗಲಾಥಿಯಾ ಕೊಲ್ಲಿಯ ವನ್ಯಜೀವಿಧಾಮದ ಘೋಷಣೆಯನ್ನು 2021ರಲ್ಲಿಯೇ ರದ್ದುಗೊಳಿಸಲಾಯಿತು. ಕೆಲವೇ ನೂರು ಮಂದಿಯಿರುವ ಶೋಂಪೆನ್ ಜನರು ಆ ಕಾಡಿನಲ್ಲಿ ಬಾಳುತ್ತಾರೆ. ನಕ್ಷೆ ಬರೆದವರ ಕಣ್ಣಿಗೆ ಅದು ಖಾಲಿ ಜಾಗ. ಘೋಷಿತ ಧಾಮವನ್ನು ಒಂದು ಆದೇಶದಿಂದ ಕಿತ್ತುಹಾಕಬಹುದೆಂಬುದನ್ನು ಚಿಂಚೋಳಿಯವರು ಅಲ್ಲಿಂದಲೇ ತಿಳಿಯಬೇಕಾಗಿದೆ.

ಕುಂಚಾವರಂ ಸೀಮೆಯಲ್ಲಿ ರಜೆಯ ಪ್ರವಾಸ ಎಂಬ ಮಾತಿಗೆ ಅರ್ಥವೇ ಬೇರೆ. ತಾಂಡಾದವರು ಊರು ಬಿಡುವುದು ಹೊಟ್ಟೆಪಾಡಿಗಾಗಿ. ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡಗಳಲ್ಲಿ ಗಾರೆ ಹೊರಲು. ಅವರು ಬಿಟ್ಟುಹೋದ ಗುಡ್ಡಕ್ಕೆ ಮಳೆಗಾಲದ ಭಾನುವಾರ ಎತ್ತಿಪೋತ ಜಲಪಾತ ನೋಡಲು ಕಾರುಗಳು ಬರುತ್ತವೆ. ಬಂದವರು ಬಿಟ್ಟುಹೋಗುವುದು ಬಾಟಲಿ ಮತ್ತು ತಟ್ಟೆ. ಆದ್ದರಿಂದ ದ್ವೀಪ ಬೇಡ, ಇಲ್ಲಿಗೇ ಬನ್ನಿರೆಂದು ಕರೆಯುವುದೂ ಅಷ್ಟು ಸುಲಭವಲ್ಲ.

ಕಡಲನ್ನೇ ಕಾಣದ ಮಕ್ಕಳು ಕಾಣಬಾರದೆಂದೂ ಇಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರಿ ದ್ವೀಪವಿದೆ. ಲಾವಾ ತಣಿದು ಕಂಬಗಳಾಗಿ ನಿಂತ ಕಲ್ಲುಗಳನ್ನು ಹಗಲಿನಲ್ಲಿ ನೋಡಿ, ಸಂಜೆಯೊಳಗೆ ದಡಕ್ಕೆ ಮರಳಬೇಕು. ಅಲ್ಲಿ ವಸತಿಗೃಹವಿಲ್ಲ, ಮಳೆಗಾಲದಲ್ಲಿ ದೋಣಿಯೂ ಇಲ್ಲ. ಬಂಡೆಗೆ ಅಷ್ಟು ವಿಶ್ರಾಂತಿಯಾದರೂ ಸಿಗುತ್ತದೆ. ಅದಕ್ಕಿಂತ ದೂರದ ದ್ವೀಪದ ಪ್ರವಾಸವನ್ನು ಯಾವುದೇ ಕಾಲೇಜು ಯೋಜಿಸಿದರೆ, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಹೊಲಸು ಎಲ್ಲಿಗೆ ಹೋಗುತ್ತದೆ, ತಂಗುವ ಮನೆಯ ನೆಲ ಯಾರದು ಎಂಬುದನ್ನು ವಿದ್ಯಾರ್ಥಿಗಳು ಬರಹದಲ್ಲಿ ಕೇಳಲಿ. ಉತ್ತರ ಬರುವವರೆಗೆ ಮುಂಗಡ ಹಣ ಕಟ್ಟದಿರಲಿ.