ಹೆಸರು ಕೆತ್ತದ ದಾನ ಬೇಕಾಗಿದೆ



ನಮ್ಮ ನಾಡಿನಲ್ಲಿ ದಾನಿಗಳಿಗೆ ಕೊರತೆಯಿಲ್ಲ. ಜಾತ್ರೆಯ ದಾಸೋಹಕ್ಕೆ ಅಕ್ಕಿ ಬೇಳೆಗಳ ಚೀಲಗಳು ಕೇಳದೆಯೇ ಬಂದು ಬೀಳುತ್ತವೆ. ಶಿಖರಕ್ಕೆ ಕಳಸವಿಡಿಸಲು ನಾ ಮುಂದು ತಾ ಮುಂದು ಎನ್ನುವವರಿದ್ದಾರೆ. ಕಲ್ಯಾಣಮಂಟಪದ ಫ್ಯಾನಿನ ಮೇಲೂ ಕೊಟ್ಟವರ ಹೆಸರು ತಿರುಗುತ್ತಿರುತ್ತದೆ. ಇದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಮಾತನ್ನು ಕೇಳದೆ ಇರಲಾರೆವು. ಕ್ಯಾನ್ಸರ್ ರೋಗದಿಂದ ನರಳುವವರ ಬಳಿಗೆ ಈ ದಾನ ಹೋಗಿದೆಯೇ? ಆ ರೋಗದ ಮೂಲವನ್ನು ಅರಸುವವರ ಪ್ರಯೋಗಶಾಲೆಗೆ ಒಂದು ಕಾಸಾದರೂ ತಲುಪಿದೆಯೇ? 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಭಾರತದಲ್ಲಿ 14 ಲಕ್ಷ ಜನರಿಗೆ ಈ ರೋಗ ಹೊಸದಾಗಿ ತಗುಲಿತು; 9 ಲಕ್ಷ ಜನ ಇದರಿಂದ ಮಡಿದರು.

"ಅದಕ್ಕೆ ಸರಕಾರವಿದೆಯಲ್ಲ" ಎನ್ನುವಿರಾ? ಇದೆ, ನಿಜ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ದುಡಿಯುತ್ತಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಆದರೆ ವಿಕಿರಣ ಚಿಕಿತ್ಸೆಯೆಂದರೆ ಹಲವು ವೇಳೆ ವಾರಕ್ಕೆ ಐದು ದಿನದಂತೆ ಐದಾರು ವಾರಗಳ ಮಾತು. ಬೀದರಿನಿಂದಲೋ ರಾಯಚೂರಿನಿಂದಲೋ ಬಂದ ಕೂಲಿಕಾರನು ಅಷ್ಟು ದಿನ ಎಲ್ಲಿ ಮಲಗಬೇಕು? ಜೊತೆಗೆ ಬಂದವಳ ಕೂಲಿ ತಪ್ಪಿದರೆ ಊರಲ್ಲಿರುವ ಮಕ್ಕಳಿಗೆ ಗಂಜಿ ಎಲ್ಲಿಂದ ಬರಬೇಕು? ಮೂರನೆಯ ವಾರಕ್ಕೆ ಕೈ ಬರಿದಾದಾಗ ಅವನು ಚಿಕಿತ್ಸೆಯನ್ನು ನಡುವೆ ಬಿಟ್ಟು ಊರಿನ ಬಸ್ಸು ಹತ್ತಿದರೆ ಆ ದೋಷ ಯಾರದು? ಔಷಧವಿದ್ದೂ, ಇರಲು ನೆರಳಿಲ್ಲದೆ ಮನುಷ್ಯ ಸತ್ತರೆ ಅದು ವಿಧಿಯಲ್ಲ, ನೆರೆಹೊರೆಯವರ ಔದಾಸೀನ್ಯ.

ರಕ್ತದಾನದ ವಿಷಯವನ್ನೇ ನೋಡಿರಿ. ಜಯಂತಿಯ ದಿನ ಸಾಲಾಗಿ ಮಲಗಿ ರಕ್ತ ಕೊಟ್ಟು, ಭಾವಚಿತ್ರ ತೆಗೆಸಿಕೊಂಡು ಕೃತಾರ್ಥರಾಗುತ್ತೇವೆ. ಆದರೆ ರಕ್ತಕ್ಯಾನ್ಸರಿನ ಮಗುವಿಗೆ ಮೇಲಿಂದ ಮೇಲೆ ಬೇಕಾಗುವ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಕಾಲ ಇಡಲಾಗದು. ಆ ಮಗುವಿಗೆ ವರ್ಷಕ್ಕೊಂದು ಉತ್ಸವದಿಂದ ಏನು ಪ್ರಯೋಜನ? ವರ್ಷದ ಪ್ರತಿ ವಾರವೂ ಒಬ್ಬರಾದ ಮೇಲೊಬ್ಬರು ಬರುವ ದಾನಿಗಳು ಬೇಕು.

ಇನ್ನು ಸಂಶೋಧನೆಗೆ ಕೊಟ್ಟ ಹಣ ನೀರಿನಲ್ಲಿ ಹೋಮ ಮಾಡಿದಂತೆ ಎಂಬ ಮಾತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ನಡುವೆ ಒಂದು ಅಧ್ಯಯನವನ್ನು ಆರಂಭಿಸಿದರು. ಅರ್ಧದಷ್ಟು ಮಹಿಳೆಯರಿಗೆ ಎರಡು ವರ್ಷಕ್ಕೊಮ್ಮೆ ಗರ್ಭಕಂಠದ ಪರೀಕ್ಷೆ ನಡೆಯಿತು. ಬಳಸಿದ್ದು ವಿನೆಗರ್‌ನಲ್ಲಿರುವ ಆಮ್ಲದ ತಿಳಿಯಾದ ದ್ರಾವಣ. ಪರೀಕ್ಷಿಸಿದವರು ಹತ್ತನೆಯ ತರಗತಿಯವರೆಗೆ ಓದಿ ಕೆಲವು ವಾರ ತರಬೇತಿ ಪಡೆದ ಮಹಿಳೆಯರು. ಪರೀಕ್ಷೆ ನಡೆದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದಾಗುವ ಮರಣ ಶೇಕಡಾ 31ರಷ್ಟು ಕಡಿಮೆಯಾಯಿತೆಂದು 2013ರಲ್ಲಿ ಲೋಕಕ್ಕೆ ತಿಳಿಯಿತು. ಈ ಅಧ್ಯಯನಕ್ಕೆ ಹಣ ಕೊಟ್ಟವರು ಯಾರು? ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು! ನಮ್ಮ ತಾಯಂದಿರನ್ನು ಉಳಿಸುವ ವಿದ್ಯೆಗೆ ಸಮುದ್ರದಾಚೆಯವರು ಹಣ ಕೊಡಬೇಕಾಯಿತೆಂಬುದು ದಾನಶೂರರ ನಾಡೆಂದು ಹೇಳಿಕೊಳ್ಳುವ ನಮಗೆ ಭೂಷಣವೇ?

ಸಾಮಾನ್ಯರ ಕಾಣಿಕೆಯಿಂದ ಏನಾದೀತು ಎಂಬ ಸಂಶಯವೂ ಬೇಡ. ತಂಗಿಯನ್ನು ಈ ರೋಗಕ್ಕೆ ಬಲಿಕೊಟ್ಟ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಮದರಾಸಿನ ಅಡ್ಯಾರಿನಲ್ಲಿ, ಮಹಿಳಾ ಸಂಘದ ಬೆಂಬಲದಿಂದ, ಸಾರ್ವಜನಿಕರಿಂದ ಎತ್ತಿದ ಹಣದಿಂದ ಒಂದು ಆಸ್ಪತ್ರೆಯನ್ನು ತೆರೆದರು. ಅಂದು ಅಲ್ಲಿದ್ದುದು 12 ಹಾಸಿಗೆಗಳು ಮಾತ್ರ. ಇಂದು ಅದು ಚಿಕಿತ್ಸೆ, ಸಂಶೋಧನೆ ಎರಡಕ್ಕೂ ದೇಶದಲ್ಲೆಲ್ಲ ಹೆಸರಾದ ಸಂಸ್ಥೆ. ಬೆಂಗಳೂರಿನ ಕರುಣಾಶ್ರಯವು ಗುಣವಾಗುವ ಆಸೆಯಿಲ್ಲದ ಕ್ಯಾನ್ಸರ್ ರೋಗಿಗಳಿಗೆ ಒಂದು ಕಾಸನ್ನೂ ಕೇಳದೆ ಕಡೆಗಾಲದ ನೋವನ್ನು ತಗ್ಗಿಸುತ್ತಿರುವುದೂ ದಾನಿಗಳ ಬಲದಿಂದಲೇ.

ಕೆಲವರು ಇದನ್ನು ಪೂರ್ವಜನ್ಮದ ಕರ್ಮವೆನ್ನುತ್ತಾರೆ. ಕೆಲವರು ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುತ್ತಾರೆ. ಮುಟ್ಟುವುದರಿಂದಾಗಲಿ, ಜೊತೆಗೆ ಕುಳಿತು ಉಣ್ಣುವುದರಿಂದಾಗಲಿ ಕ್ಯಾನ್ಸರ್ ಹರಡದು. ಹಸಿದವನಿಗೆ ಎಡೆ ಹಾಕುವಾಗ ಅವನ ಕರ್ಮವನ್ನು ವಿಚಾರಿಸದ ನಾವು ರೋಗಿಯ ಮುಂದೆ ಮಾತ್ರ ಕರ್ಮದ ಲೆಕ್ಕ ತೆಗೆಯುವುದು ಯಾವ ಧರ್ಮ?

ಆದ್ದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ. ಈ ವರ್ಷದ ಮದುವೆ, ಗೃಹಪ್ರವೇಶಗಳ ವೆಚ್ಚದಲ್ಲಿ ಹತ್ತರಲ್ಲೊಂದು ಪಾಲನ್ನು ತೆಗೆದಿಟ್ಟು ಕ್ಯಾನ್ಸರ್ ಆಸ್ಪತ್ರೆಯ ರೋಗಿಗಳ ನಿಧಿಗೋ ಸಂಶೋಧನೆಗೋ ಕಳುಹಿಸಿರಿ. ರಸೀದಿ ಪಡೆಯಿರಿ, ಹಣ ಯಾವುದಕ್ಕೆ ವೆಚ್ಚವಾಯಿತೆಂದು ಕೇಳಿರಿ, ಹೆಸರಿನ ಕಲ್ಲನ್ನು ಮಾತ್ರ ಕೇಳಬೇಡಿರಿ. ಹಣವಿಲ್ಲದವರು ದಿನವನ್ನು ಕೊಡಿರಿ: ಓದುಬರಹ ಬಾರದ ರೋಗಿಯ ಅರ್ಜಿ ಬರೆದುಕೊಡುವುದು, ಅವನೊಡನೆ ಸರದಿಯಲ್ಲಿ ನಿಲ್ಲುವುದು, ಚಿಕಿತ್ಸೆ ಬಿಟ್ಟು ಬಂದವನ ಮನೆಗೆ ಹೋಗಿ ಮರಳಿ ಕಳುಹಿಸುವುದು ಇವೂ ಕಾಯಕವೇ. ಆಸ್ಪತ್ರೆಯ ಹತ್ತಿರ ಮನೆಯುಳ್ಳವರು ಒಂದು ಕೋಣೆಯನ್ನು ತೆರೆದರೆ ಒಂದು ಚಿಕಿತ್ಸೆ ಕೊನೆಮುಟ್ಟೀತು.

ಮುಂದಿನ ಜಾತ್ರೆಯ ಚಂದಾಪಟ್ಟಿ ನಿಮ್ಮ ಮನೆಗೆ ಬಂದಾಗ, ಅದರಲ್ಲಿ ಈ ರೋಗಿಗಳ ಹೆಸರಿನಲ್ಲಿ ಒಂದು ಸಾಲು ಇದೆಯೇ ಎಂದು ಮೊದಲು ನೋಡಿರಿ. ಇಲ್ಲವಾದರೆ ಆ ಸಾಲನ್ನು ನೀವೇ ಬರೆಯಿರಿ.