ಸಹಿ ಹಾಕೋಕೆ ಮುಂಚೆ

ಒಂದೇ ಕಂಪನಿ, ಒಂದೇ ಪ್ರಾಜೆಕ್ಟು. ಒಬ್ಬಳು ಮ್ಯೂನಿಕ್‌ನಲ್ಲಿ, ಇನ್ನೊಬ್ಬ ಬೆಳ್ಳಂದೂರಿನಲ್ಲಿ. ಇಬ್ಬರ ಹುದ್ದೆಗೂ ಕತ್ತರಿ ಬಿತ್ತು ಅಂದುಕೊಳ್ಳಿ. ಜರ್ಮನಿಯಲ್ಲಿ ನೌಕರರೇ ಆರಿಸಿದ ಮಂಡಳಿ ಇರುವ ಕಡೆ, ಅದರ ಅಭಿಪ್ರಾಯ ಕೇಳದೆ ವಜಾ ಮಾಡಿದರೆ ಆ ವಜಾ ಅಸಿಂಧು. ಬೆಳ್ಳಂದೂರಿನವನನ್ನು ಮೀಟಿಂಗ್ ರೂಮಿಗೆ ಕರೆದು, ‘ನೀವೇ ರಾಜೀನಾಮೆ ಕೊಟ್ಬಿಡಿ, ಒಳ್ಳೇ ರಿಲೀವಿಂಗ್ ಲೆಟರ್ ಕೊಡ್ತೀವಿ’ ಅಂದರೆ ಸಾಕು, ಮುಗೀತು.

ಕೇಳಿದರೆ, ‘ಆಯಾ ದೇಶದ ಕಾನೂನು ಪಾಲಿಸ್ತೀವಿ’ ಅಂತಾರೆ. ಪಾಲಿಸಲಿ! ನಮ್ಮಲ್ಲೂ ಕಾನೂನಿದೆ. ವರ್ಷ ತುಂಬಿದ ಕಾರ್ಮಿಕನನ್ನು ‘ಹೆಚ್ಚುವರಿ’ ಅಂತ ತೆಗೆದರೆ ಒಂದು ತಿಂಗಳ ನೋಟಿಸು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. 1953ರಿಂದ ಇರುವ ನಿಯಮ ಇದು. ತಾನಾಗಿ ರಾಜೀನಾಮೆ ಕೊಟ್ಟವನಿಗೆ ಮಾತ್ರ ಆ ಪರಿಹಾರವಿಲ್ಲ. ಮೀಟಿಂಗ್ ರೂಮಿನ ಸಿಹಿಮಾತಿನ ಗುಟ್ಟು ಇಷ್ಟೇ.

ಸರ್ಕಾರವೂ ಕಂಪನಿಗಳ ಕಡೆಗೇ ವಾಲಿದೆ. ಕೆಲಸದ ಷರತ್ತು, ಶಿಸ್ತುಕ್ರಮಗಳನ್ನು ಬರೆದಿಟ್ಟು ಮಂಜೂರು ಮಾಡಿಸಿಕೊಳ್ಳಬೇಕು ಅನ್ನುವ 1946ರ ಕಾಯ್ದೆಯಿಂದ ಕರ್ನಾಟಕ 2024ರಲ್ಲಿ ಐಟಿ ಕಂಪನಿಗಳಿಗೆ ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟಿತು. ನಮ್ಮಲ್ಲಿ ಹೆಚ್ಚಿನವರು ತುಟಿ ಬಿಚ್ಚಲಿಲ್ಲ. ಯಾಕಂದ್ರೆ ಕಾರ್ಮಿಕರು ಅಂದರೆ ಪೀಣ್ಯದವರು, ನಾವು ‘ಸೀನಿಯರ್ ಅಸೋಸಿಯೇಟ್’! ಆದರೆ ಕೋರ್ಟು ನೋಡೋದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು.

ಮ್ಯೂನಿಕ್‌ನವಳ ರಕ್ಷಣೆ ಕಂಪನಿ ಕೊಟ್ಟ ದಾನವಲ್ಲ, ಅಲ್ಲಿನ ನೌಕರರು ಒಟ್ಟಾಗಿ ಗಳಿಸಿದ್ದು. ನಮ್ಮ ಸರದಿ ಸಹಿ ಹಾಕದಿರುವುದರಿಂದ ಶುರುವಾಗಲಿ. ‘ತೆಗೆಯೋದಾದ್ರೆ ನೀವೇ ತೆಗೀರಿ, ಕಾರಣ ಬರೆದುಕೊಡಿ’ ಅನ್ನಿ. ಪಕ್ಕದ ಸೀಟಿನವರಿಗೂ ಹೇಳಿಕೊಡಿ.